ಸೀಮೆಸುಣ್ಣದ ಗೆರೆ

ಹೆಲ್ಮೆಟ್ ಬಿಚ್ಚಿದಾಗ ಮಗಳ ಕಿವಿಯ ಹಿಂದೆ ಅಂಗಿಯ ಗುಂಡಿಯಷ್ಟು ಕೆಂಪು ಕಲೆ ಇತ್ತು. ಒಂದು ಕಡೆ ಚಪ್ಪಟೆಯಾಗಿದ್ದ ಪುಟ್ಟ ತಲೆ ದುಂಡಗಾಗಲೆಂದು ಡಾಕ್ಟರ್ ಕೊಟ್ಟ ಹೆಲ್ಮೆಟ್ ಅದು. ಬಿಚ್ಚಿದ ಒಂದು ಗಂಟೆಯೊಳಗೆ ಕೆಂಪು ಮಾಸದಿದ್ದರೆ ಚರ್ಮ ಒಡೆಯಬಹುದು, ಮತ್ತೆ ಹಾಕದೆ ಕರೆದುಕೊಂಡು ಬನ್ನಿ ಎಂದಿದ್ದರು.

"ರೀ, ಇದು ನಿನ್ನೆಗಿಂತ ದೊಡ್ಡದಾಗಿದೆ."

"ನಿನ್ನ ಕಣ್ಣಿಗೆ ಗುಂಡಿನೂ ತಟ್ಟೆ ಥರ ಕಾಣತ್ತೆ ಕಣೇ," ಎಂದ ಗಂಡ. ಅವನು ದರ್ಜಿ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಜೇಬಿನಿಂದ ತೆಗೆದು ಕಲೆಯ ಸುತ್ತ ಗೆರೆ ಎಳೆದ. "ಒಳಗೆ ಸರಿದ್ರೆ ಸರಿ. ಗೆರೆ ದಾಟಿದ್ರೆ ಆಸ್ಪತ್ರೆ. ಇವತ್ತು ಹೆದರೋ ಸರದಿ ನಿಂದು, ಧೈರ್ಯ ನಂದು."

ಇಬ್ಬರೂ ಒಟ್ಟಿಗೆ ಹೆದರಬಾರದು ಎಂಬುದು ಹೆಲ್ಮೆಟ್ ಮನೆಗೆ ಬಂದ ದಿನ ಅವರು ಮಾಡಿಕೊಂಡ ಒಪ್ಪಂದ. ಅವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡುತ್ತಾ ಕೂತಳು. ಕೆಂಪು ಸರಿಯಲಿಲ್ಲ. ನೋಡುತ್ತಾ ನೋಡುತ್ತಾ ಗೆರೆಯೇ ಕಣ್ಣಿಗೆ ಬಿತ್ತು. ಎಂಥ ಬಟ್ಟೆಯ ಮೇಲೂ ತೋಳಿನ ಸುತ್ತನ್ನು ಒಂದೇ ಬೀಸಿಗೆ ಎಳೆಯುವ ಕೈ ಅವನದು. ಇಲ್ಲಿ ಗೆರೆ ಅಲ್ಲಲ್ಲಿ ನಡುಗಿತ್ತು. ಅದರ ತುದಿಗಳು ಒಂದಕ್ಕೊಂದು ಕೂಡಿರಲಿಲ್ಲ.

ಅವಳು ತಲೆಯೆತ್ತಿದಳು. ಅವನು ಗೋಡೆಯ ಕಡೆ ತಿರುಗಿ, ಆಗಲೇ ಮಡಿಚಿಟ್ಟಿದ್ದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಚುತ್ತಿದ್ದ.

"ಬನ್ನಿ ಇಲ್ಲಿ," ಎಂದು ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಸರದಿ ಬದಲಾಯ್ಸೋಣ. ನೀವು ಹೆದರಿ. ನಾನು ನೋಡ್ತೀನಿ."

ಅವನು ಅವಳ ಭುಜಕ್ಕೆ ಹಣೆ ಆನಿಸಿದ. ಕೆಂಪು ಇನ್ನೂ ಗೆರೆಗೆ ತಾಗಿಕೊಂಡೇ ಇತ್ತು.