ಎಡ ಭುಜದ ಮೆತ್ತೆ

“ಈ ಅಂಗಿ ಹೊಲಿದವರು ಯಾರು?” ಎಂದು ಡಾಕ್ಟರಮ್ಮ ಕೇಳಿದಾಗ ನನಗೆ ಕೊಂಬು ಮೂಡಿತು. ಪರೀಕ್ಷೆಗೆಂದು ಮೊಮ್ಮಗಳು ಕಳಚಿಟ್ಟಿದ್ದ ಶಾಲೆಯ ಅಂಗಿಯನ್ನು ಅವರು ಒಳಮಗ್ಗುಲು ಹೊರಗೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಿದ್ದರು. ನಲವತ್ತೆಂಟು ವರ್ಷ ಹೊಲಿಗೆಯಂತ್ರ ತುಳಿದವನು ನಾನು. ಹೊಗಳಿಕೆ ಯಾವ ಬಾಗಿಲಿಂದ ಬಂದರೂ ಕೂರಿಸಿ ಮಾತಾಡಿಸುತ್ತೇನೆ.

“ನಾನೇ, ಡಾಕ್ಟರಮ್ಮ. ಇವಳಿಗೆ ಟೇಪು ಹಿಡಿಯೋದೇ ಬೇಡ. ಕಣ್ಣಳತೆ ಸಾಕು.”

“ಗೊತ್ತಾಗತ್ತೆ. ಎಡ ಭುಜಕ್ಕೆ ನಾಲ್ಕು ಪದರ ಹತ್ತಿಯ ಮೆತ್ತೆ. ಬಲಗಡೆ ಬೆನ್ನಿಗೆ ಒಂದಿಂಚು ಬಟ್ಟೆ ಜಾಸ್ತಿ. ಕೆಳಗಿನ ಅಂಚು ಒಂದು ಪಕ್ಕಕ್ಕೆ ಇಳಿಸಿದ್ದೀರಿ. ಎಷ್ಟು ದಿನದಿಂದ ಹೀಗೆ?”

“ನಾಲ್ಕು ವರ್ಷ. ವರ್ಷಕ್ಕೊಂದು ಪದರ,” ಎಂದೆ. ಹೇಳಿ ಮುಗಿದ ಮೇಲೆ, ಏನು ಹೇಳಿದೆನೆಂಬುದು ನನ್ನ ಕಿವಿಗೂ ಬಿತ್ತು.

ಡಾಕ್ಟರಮ್ಮ ಗೋಡೆಯ ದೀಪದ ಪೆಟ್ಟಿಗೆಗೆ ಎಕ್ಸ್‌ರೇ ಸಿಕ್ಕಿಸಿದರು. ಹದಿಮೂರು ವರ್ಷದ ಹುಡುಗಿಯ ಬೆನ್ನೆಲುಬು ಬಿಲ್ಲಿನಂತೆ ಬಲಕ್ಕೆ ಬಾಗಿತ್ತು. “ಮೊದಲನೇ ಪದರ ಹಾಕಿದ ವರ್ಷ ಬಂದಿದ್ರೆ ಬೆನ್ನಿಗೆ ಪಟ್ಟಿ ಕಟ್ಟಿ ತಡೆಯೋಕೆ ನೋಡಬಹುದಿತ್ತು, ಯಜಮಾನರೇ. ಈಗ ಅದು ಶ್ವಾಸಕೋಶ ಒತ್ತುತ್ತಾ ಇದೆ. ಮೆಟ್ಟಿಲು ಹತ್ತಿದ್ರೆ ಏದುಸಿರು ಬರೋದು ಅದಕ್ಕೇ.”

ಹೆತ್ತವರಿಬ್ಬರೂ ಪಾಳಿಯ ಕೆಲಸದವರಾದ್ದರಿಂದ ಮಗು ಬೆಳೆದದ್ದು ನಮ್ಮಲ್ಲಿ. ನನ್ನ ಜಾಣತನಕ್ಕೆ ಊರೆಲ್ಲ ಮೋಸಹೋದರೂ ನನ್ನ ಹೆಂಡತಿ ಹೋಗಲಿಲ್ಲ. ಬಟ್ಟೆ ಒಗೆದು ಹರವುತ್ತಿದ್ದವಳು ಅವಳು. “ಈ ಅಂಗಿಯ ಒಂದು ಭುಜ ಮಧ್ಯಾಹ್ನಕ್ಕೇ ಒಣಗತ್ತೆ, ಇನ್ನೊಂದು ಸಂಜೆಯಾದ್ರೂ ಹಸಿ. ಮಗೂನ ಯಾರಿಗಾದ್ರೂ ತೋರಿಸಿ ಅಂದ್ರೆ,” ಎನ್ನುತ್ತಿದ್ದಳು. ನಾನು ಬೇಗ ಒಣಗುವ ಹತ್ತಿ ಹುಡುಕಿ ತಂದೆ. ಹೋದ ವರ್ಷ ಅವಳು ತೀರಿಕೊಂಡಳು; ಒಗೆತ ನನ್ನ ಪಾಲಿಗೆ ಬಂತು; ಹಸಿ ಭುಜ ನನ್ನ ಕೈಗೇ ಸಿಕ್ಕಿತು. ಇಸ್ತ್ರಿ ಒತ್ತಿ ಒಣಗಿಸಿದೆ. ದಿನವೂ ದೇವರ ಮುಂದೆ ಕೂರುವವನು, ಮಗುವಿನ ಬೆನ್ನು ನೆಟ್ಟಗಾಗಲಿ ಎಂದು ಒಂದು ದಿನ ಕೇಳಿಕೊಂಡಿದ್ದರೆ ಹೇಳಿ. ಮೆತ್ತೆ ಯಾರ ಕಣ್ಣಿಗೂ ಬೀಳದಿರಲಿ ಎಂದು ಕೇಳಿಕೊಂಡಿದ್ದೆ. ಅವನು ಅದನ್ನು ಚಾಚೂ ತಪ್ಪದೆ ನಡೆಸಿಕೊಟ್ಟಿದ್ದ.

ಡಾಕ್ಟರಮ್ಮ ಮಂಜುಗಡ್ಡೆಯ ನೀರಿದ್ದ ತಟ್ಟೆಯಿಂದ ಒಂದು ತೆಳ್ಳನೆಯ ಕಂಬಿ ಎತ್ತಿದರು. “ಈ ಲೋಹಕ್ಕೆ ತನ್ನ ಆಕಾರ ನೆನಪಿರತ್ತೆ. ತಣ್ಣಗಿದ್ದಾಗ ಮೆತ್ತಗಿರತ್ತೆ. ಬಾಗಿದ ಬೆನ್ನಿಗೆ ಸರಿಯಾಗಿ ಬಗ್ಗಿಸಿ ತಿರುಪು ಹಾಕಿ ಕೂರಿಸ್ತೀವಿ. ಬಿಸಿ ತಾಗಿದ್ರೆ ತನ್ನ ಮೊದಲಿನ ಆಕಾರಕ್ಕೆ ತಿರುಗತ್ತೆ, ಬೆನ್ನನ್ನೂ ಜೊತೆಗೆ ಎಳ್ಕೊಳ್ಳತ್ತೆ. ಹಿಡೀರಿ, ಬಗ್ಗಿಸಿ ನೋಡಿ.”

ಕೈಗೆ ಏನಾದರೂ ಕೊಟ್ಟರೆ ಸುಮ್ಮನಿರುವ ಕೈಯಲ್ಲ ನನ್ನದು. ಬಗ್ಗಿಸಿ ವಾಪಸು ಕೊಟ್ಟೆ. ಅವರು ಅದನ್ನು ಎಕ್ಸ್‌ರೇಯ ಮೇಲಿಟ್ಟರು. ಎಲುಬಿನ ಸಾಲಿಗೂ ಕಂಬಿಗೂ ನಡುವೆ ಸೂಜಿ ತೂರುವಷ್ಟು ಸಂದಿರಲಿಲ್ಲ.

“ಆ ಕಡೆ ನೋಡದೇ ಹೇಗೆ ಬಗ್ಗಿಸಿದ್ರಿ?”

ಮಂಚದ ಮೇಲೆ ಕೂತಿದ್ದ ಮೊಮ್ಮಗಳೇ ಹೇಳಿದಳು: “ಅಜ್ಜನಿಗೆ ನನ್ನ ಬೆನ್ನು ಬಾಯಿಪಾಠ.”

ಡಾಕ್ಟರಮ್ಮ ಕಂಬಿಯನ್ನು ಬಿಸಿನೀರಿಗೆ ಇಳಿಬಿಟ್ಟರು. ನಿದ್ದೆಯಿಂದ ಎದ್ದವರು ಮೈಮುರಿಯುವ ಹಾಗೆ ಅದು ಬಾಗು ಬಿಟ್ಟು ನೆಟ್ಟಗಾಯಿತು. ಅಪಾಯವಿಲ್ಲವೇ ಎಂದೆ. “ಇದೆ. ನರದ ಪಕ್ಕದಲ್ಲೇ ಕೆಲಸ. ಹೀಗೇ ಬಿಟ್ರೆ ಅದಕ್ಕಿಂತ ಜಾಸ್ತಿ.” ಮೊಮ್ಮಗಳ ಚಿಂತೆಯೇ ಬೇರೆ. “ಆಮೇಲೆ ಅಂಗಡೀಲಿ ನೇತುಹಾಕಿರೋ ಅಂಗಿ ನನಗೆ ಆಗತ್ತಾ?” ಎಂದಳು. ನನ್ನ ಮನೆಯಲ್ಲಿ ಯಾರೂ ಆಡಬಾರದ ಮಾತು ಅದು. “ಆಗತ್ತೆ ಪುಟ್ಟಾ,” ಎಂದರು ಡಾಕ್ಟರಮ್ಮ.

ಶಸ್ತ್ರಚಿಕಿತ್ಸೆಯ ದಿನ ಏಳು ಗಂಟೆ ಹೊರಗಿನ ಬೆಂಚಿನ ಮೇಲೆ ಕೂತು, ಈ ಸಲವಾದರೂ ದೇವರನ್ನು ಸರಿಯಾದದ್ದೇ ಕೇಳಿದೆ. “ನರಕ್ಕೇನೂ ಆಗಿಲ್ಲ, ಕಾಲ್ಬೆರಳು ಆಡಿಸಿದಳು,” ಎಂದು ಡಾಕ್ಟರಮ್ಮ ಬಂದು ಹೇಳಿದರು.

ಮೂರು ತಿಂಗಳಿಗೆ ಅವಳು ಶಾಲೆಗೆ ಹೊರಟಳು. ಹೊಸ ಅಂಗಿ ಹೊಲಿದೆ. ನನ್ನ ಬಾಳಿನಲ್ಲೇ ಅಷ್ಟು ಅಚ್ಚುಕಟ್ಟಾಗಿ ಹೊಲಿದಿರಲಿಲ್ಲ. ತೊಟ್ಟು ಕನ್ನಡಿಯ ಮುಂದೆ ನಿಂತಳು. ಅವಳು ನೆಟ್ಟಗೆ, ಅಂಗಿ ಸೊಟ್ಟಗೆ. ಎಡ ಭುಜ ಕಿವಿಯ ಹತ್ತಿರ ಏರಿ ಕೂತಿತ್ತು. ಮೆತ್ತೆ ಹಾಕಿದ್ದು ಯಾವಾಗ ಎಂದು ದೇವರಾಣೆ ನನಗೆ ಗೊತ್ತಿಲ್ಲ.

“ಅಜ್ಜ, ನಿನ್ನ ಕೈಯನ್ನೂ ಒಂದ್ಸಲ ಬಿಸಿನೀರಿಗೆ ಹಾಕ್ಬೇಕು,” ಎಂದಳು. ಅಂಗಡಿಗೆ ಹೋಗಿ, ಎಲ್ಲ ಮಕ್ಕಳಿಗೂ ಒಂದೇ ಅಳತೆಗೆ ಕತ್ತರಿಸಿದ ಒಂದು ಅಂಗಿ ತಂದಳು. ಗುಂಡಿಗಳ ನೂಲು ಆಗಲೇ ಸಡಿಲ, ಕಾಲರಿಗೆ ಬಿಗುವೇ ಇಲ್ಲ. ಅವಳ ಮೇಲೆ ಅದು ಗೆರೆ ಎಳೆದಂತೆ ಕೂತಿತು.

ವಾರ ಕಳೆದು ಅದನ್ನು ಒಗೆದು ಹರವಿದೆ. ಮಧ್ಯಾಹ್ನ ಹೋಗಿ ಮುಟ್ಟಿ ನೋಡಿದರೆ ಎಡ ಭುಜ ಒಣಗಿತ್ತು, ಬಲ ಭುಜವೂ ಒಣಗಿತ್ತು. “ಇವಳೇ, ಬಾ ಇಲ್ಲಿ, ಬಂದು ನೋಡು,” ಎಂದು ಅಡುಗೆಮನೆಯ ಕಡೆ ಕೂಗಿಯೂ ಬಿಟ್ಟೆ.

ಹೊರಗೆ ಬಂದವಳು ಮೊಮ್ಮಗಳು. ಬಾಗಿಲಲ್ಲಿ ನೆಟ್ಟಗೆ ನಿಂತಳು. ಯಾರನ್ನು ಕರೆದೆ ಎಂದು ಕೇಳಲಿಲ್ಲ.