ಒಂದು ಸ್ಕೂಟರ್, ಎರಡು ದನಿ

ಲಾಸ್ಯಳ ಕಥೆಯಲ್ಲಿ ಪ್ರತಿ ಮಾತಿನ ತಲೆಯೂ ಹಾರಿಹೋಗಿತ್ತು. ಮರ್ಲಿನ್ ಮಿಸ್ ಅದನ್ನು ಮೂರು ಸಲ ಹಾಕಿ ಕೇಳಿದರು. ಕಂಪ್ಯೂಟರ್ ಪರದೆಯ ನಡುವೆ ಟಾರ್ಪಾಲು ಹೊದ್ದ ಹಳೇ ಸ್ಕೂಟರಿನ ಫೋಟೊ. ಅದರ ಎಡಕ್ಕೆ ಲಾಸ್ಯಳ ಅಮ್ಮನ ಪುಟ್ಟ ಮುಖ, ಬಲಕ್ಕೆ ಅಪ್ಪನದು. ಮುಖದ ಮೇಲೆ ಒತ್ತಿದರೆ ಅವರ ಮಾತು ಕೇಳುತ್ತದೆ. ವಿದ್ಯಾರಣ್ಯಪುರದ ಆ ಶಾಲೆಗೆ ಇಂಟರ್‌ನೆಟ್ಟು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಗಲೇ ಎಂಟನೇ ಕ್ಲಾಸಿನ ಮಕ್ಕಳು ಅದರಲ್ಲಿ ಒಂದೊಂದು ಕಥೆ ಕಟ್ಟಿದ್ದರು. ಮನೆಯ ಒಂದು ವಸ್ತು, ಅದರ ಬಗ್ಗೆ ಮನೆಯವರಿಬ್ಬರ ಮಾತು, ಅಷ್ಟೇ. ಮಾರನೇ ದಿನ ಶನಿವಾರ, ಅಪ್ಪ ಅಮ್ಮಂದಿರು ಬಂದು ಕೇಳುವುದಿತ್ತು.

ಮಿಕ್ಕ ಮಕ್ಕಳ ಮನೆಯವರೆಲ್ಲ ಸಭೆಯಲ್ಲಿ ಭಾಷಣಕ್ಕೆ ನಿಂತವರಂತೆ “ಎಲ್ಲರಿಗೂ ನಮಸ್ಕಾರ” ಎಂದೇ ಶುರು ಮಾಡಿದ್ದರು. ಇಲ್ಲಿ ಹಾಗಲ್ಲ.

“ಆ ಗುಜರಿ ಸ್ಕೂಟರ್ ಮೊದಲು ಮನೆಯಿಂದಾಚೆ ಹೋಗ್ಬೇಕು,” ಎನ್ನುತ್ತಿದ್ದರು ಅಮ್ಮ. ಹಿಂದೆ ಕುಕ್ಕರ್ ಕೂಗುತ್ತಿತ್ತು.

“ಮದುವೆಯಾದ ಹೊಸದ್ರಲ್ಲಿ ಅದರ ಮೇಲೆ ಕೂತು ಊರೆಲ್ಲ ಸುತ್ತಿದ್ದು ಯಾರು?” ಅಪ್ಪನ ಹಿಂದೆ ಕಂಡಕ್ಟರು ‘ಹೆಬ್ಬಾಳ, ಹೆಬ್ಬಾಳ’ ಎನ್ನುತ್ತಿದ್ದ.

“ಸುತ್ತಿದ್ದೂ ನಾನೇ, ನಜರ್‌ಬಾದ್ ತಿರುವಲ್ಲಿ ಬಿದ್ದಿದ್ದೂ ನಾನೇ. ಬಿದ್ದಾಗ ಮೊದಲು ಎತ್ತಿದ್ದು ಸ್ಕೂಟರನ್ನ, ನನ್ನನ್ನಲ್ಲ.”

ಒಬ್ಬರು ಅಡುಗೆಮನೆಯಲ್ಲಿ, ಇನ್ನೊಬ್ಬರು ಬಸ್ ಸ್ಟಾಪಿನಲ್ಲಿ. ಆದರೂ ಎದುರುಬದುರು ಕೂತವರ ಹಾಗೆ ಮಾತಿಗೆ ಮಾತು ಕೊಡುತ್ತಿದ್ದಾರೆ. ಇದು ಹೇಗೆ? ಮರ್ಲಿನ್ ಮಿಸ್‌ಗೆ ಒಂದು ಕೆಟ್ಟ ಚಾಳಿ, ಒಂದು ವಿಷಯ ಬಗೆಹರಿಯದಿದ್ದರೆ ಊಟ ಸೇರುತ್ತಿರಲಿಲ್ಲ. ಮಕ್ಕಳೆಲ್ಲ ಮನೆಗೆ ಹೊರಟ ಮೇಲೂ ಲಾಸ್ಯಳನ್ನು ನಿಲ್ಲಿಸಿಕೊಂಡರು.

“ಶುರುವಿನ ಮಾತು ಯಾಕೆ ಕತ್ತರಿಸಿದೀಯ? ಕಿವಿಗೆ ಚುಚ್ಚುತ್ತೆ ನೋಡು. ತಾ, ಸರಿ ಮಾಡೋಣ.”

“ಬೇಡ ಮಿಸ್, ಹಾಗೇ ಇರ್ಲಿ.” ಹುಡುಗಿ ಮೌಸಿನ ಮೇಲಿಂದ ಕೈ ತೆಗೆಯಲಿಲ್ಲ.

ಮಿಸ್ ಕೇಳಿಯಾರೇ? ಮಕ್ಕಳು ಸರದಿಯ ಮೇಲೆ ಮನೆಗೆ ಒಯ್ಯುತ್ತಿದ್ದ ಶಾಲೆಯ ರೆಕಾರ್ಡರು ಅಲ್ಲೇ ಮೇಜಿನ ಮೇಲಿತ್ತು. ಕತ್ತರಿ ಆಡಿಸುವ ಮೊದಲಿನ ಮಾತು ಅದರಲ್ಲಿ ಹಾಗೇ ಉಳಿದಿತ್ತು. ಒತ್ತಿದರು.

“ನಿಮ್ಮಪ್ಪಂಗೆ ಹೇಳು, ಆ ಗುಜರಿ ಸ್ಕೂಟರ್ ಮೊದಲು ಮನೆಯಿಂದಾಚೆ ಹೋಗ್ಬೇಕು.” “ನಿಮ್ಮಮ್ಮಂಗೆ ಹೇಳು, ಮದುವೆಯಾದ ಹೊಸದ್ರಲ್ಲಿ...”

ಮಿಸ್‌ಗೆ ಮೊದಲು ನಗು ಬಂತು. ಹುಡುಗಿಯ ಮುಖ ನೋಡಿದ ಮೇಲೆ ರೆಕಾರ್ಡರು ನಿಲ್ಲಿಸಿದರು.

“ಎಷ್ಟು ದಿನದಿಂದ?”

“ಅತ್ತೆ ಮನೆ ಗೃಹಪ್ರವೇಶ ಆದಾಗಿಂದ. ನಾಕು ತಿಂಗಳಾಯ್ತು. ಸಾರಿಗೆ ಉಪ್ಪು ಜಾಸ್ತಿ ಆದ್ರೂ ನಾನೇ ಹೋಗಿ ಹೇಳ್ಬೇಕು ಮಿಸ್. ಇದ್ರಲ್ಲಾದ್ರೂ ನೇರವಾಗಿ ಮಾತಾಡ್ಕೊಳ್ಳಲಿ ಅಂತ ಕತ್ತರಿಸ್ದೆ.” ಮತ್ತೆ ಸೇರಿಸಿದಳು: “ಅಪ್ಪನ ಕೊನೇ ಮಾತನ್ನ ಅಮ್ಮಂಗೆ ಹೇಳೇ ಇಲ್ಲ. ನಾಳೆ ಇಲ್ಲೇ ಕೇಳ್ಲಿ.”

“ಎಲ್ಲರ ಮುಂದೆ ಸಿಟ್ಟು ಮಾಡ್ಕೊಂಡ್ರೆ? ಇನ್ನೂ ದೂರ ಆಗ್ಬುಟ್ರೆ ಏನೇ ಮಾಡ್ತೀಯ?”

“ಗೊತ್ತಿಲ್ಲ ಮಿಸ್,” ಎಂದಳು ಲಾಸ್ಯ. ಕಣ್ಣು ತುಂಬಿಕೊಂಡಿತ್ತು. “ಆದ್ರೆ ನಂಗೆ ಸಾಕಾಗೋಗಿದೆ.”

ಮಿಸ್ ರೆಕಾರ್ಡರನ್ನು ಎತ್ತಿಟ್ಟರು. ಕಥೆಯನ್ನು ಮುಟ್ಟದೆ ಕಂಪ್ಯೂಟರ್ ಆರಿಸಿದರು.

ಶನಿವಾರ ಲಾಸ್ಯಳ ಅಮ್ಮ ಮಂಜುಳಮ್ಮ ಎರಡೂವರೆಗೇ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಅಪ್ಪ ಸಿದ್ದಲಿಂಗಸ್ವಾಮಿ ಫಸ್ಟ್ ಶಿಫ್ಟ್ ಮುಗಿಸಿ ಫ್ಯಾಕ್ಟರಿಯಿಂದ ಸೀದಾ ಬಂದವರು ಬಾಗಿಲ ಬಳಿಯೇ ನಿಂತರು. ನಡುವೆ ಖಾಲಿ ಬೆಂಚುಗಳು ಬೇಕಾದಷ್ಟಿದ್ದವು. ಲಾಸ್ಯ ಹೋಗಿ ಸ್ಕೂಟರಿನ ಚಿತ್ರ ತೆರೆದಳು. ತನ್ನ ದನಿ ಕೇಳಿದ್ದೇ ಮಂಜುಳಮ್ಮ ಸೆರಗು ಸರಿ ಮಾಡಿಕೊಂಡರು. ಗಂಡನ ದನಿ ಬಂದಾಗ ತಲೆ ತಗ್ಗಿಸಿದರು. ಎತ್ತಿದ್ದು ಸ್ಕೂಟರನ್ನ, ನನ್ನನ್ನಲ್ಲ ಎನ್ನುವಲ್ಲಿ ಬೇರೆ ತಾಯಂದಿರು ಕಿಸಕ್ಕನೆ ನಕ್ಕರು. ಆಮೇಲೆ ಅಪ್ಪನ ಕೊನೆಯ ಮಾತು ಬಂತು.

“ಎತ್ತದೆ ಇನ್ನೇನು ಮಾಡ್ಲಿ? ಕಾಲು ಅದರಡಿ ಸಿಕ್ಕಾಕೊಂಡಿತ್ತು. ಮುರಿದೇ ಹೋಯ್ತು ಅಂತ ನನ್ನ ಜೀವ ಬಾಯಿಗೆ ಬಂದಿತ್ತು.”

ಮಂಜುಳಮ್ಮ ಕೂತಲ್ಲಿಂದಲೇ ಹಿಂದಕ್ಕೆ ತಿರುಗಿದರು. “ಸಿಕ್ಕಾಕೊಂಡಿದ್ದು ಸೀರೆ ಕಣ್ರೀ, ಕಾಲಲ್ಲ.”

“ಕಾಲೂ ಸಿಕ್ಕಿತ್ತು. ನಿಂಗೆಲ್ಲಿ ಜ್ಞಾನ ಇತ್ತು ಆಗ?” ಸಿದ್ದಲಿಂಗಸ್ವಾಮಿ ಎರಡು ಹೆಜ್ಜೆ ಒಳಗೆ ಬಂದರು.

“ಹದಿನಾಲ್ಕು ವರ್ಷದಲ್ಲಿ ಒಂದಿನ ಹೇಳಿದ್ರಾ ಇದನ್ನ?” ಎಂದವರು ತಟ್ಟನೆ ಪರದೆಯ ಕಡೆ ನೋಡಿದರು. “ಅದಿರ್ಲಿ, ನಾನು ಯಾವಾಗ ನಿಮ್ಮ ಜೊತೆ ಹೀಗೆ ಮಾತಾಡ್ದೆ? ಎಲ್ಲೋ ಕತ್ತರಿಸಿದಾಳೆ ನೋಡ್ರೀ ಇವಳು.”

“ನಂದೂ ಕತ್ತರಿಸಿದಾಳೆ. ಏನೇ ಇದು, ಯಾರು ಹೇಳ್ಕೊಟ್ರು ನಿಂಗೆ ಇದನ್ನೆಲ್ಲ?” ಸಿದ್ದಲಿಂಗಸ್ವಾಮಿ ಹೆಂಡತಿಯ ಪಕ್ಕಕ್ಕೇ ಬಂದು ನಿಂತಿದ್ದರು.

“ಊರೋರ ಮುಂದೆ ಮರ್ಯಾದೆ ತೆಗೆದ್ಬುಟ್ಟೆಯಲ್ಲೇ.” ಮಂಜುಳಮ್ಮನೂ ಮಗಳ ಮೇಲೆ ಎಗರಿದರು.

“ನೀನು ಸಲಿಗೆ ಕೊಟ್ಟಿದ್ದೇ ಜಾಸ್ತಿಯಾಯ್ತು ಇವಳಿಗೆ.”

“ನಾನೊಬ್ಳೇ ಕೊಟ್ನಾ?”

ತಪ್ಪೆಲ್ಲ ತನ್ನದೇ ಎಂದು ಹೇಳಿಬಿಡಲು ಮರ್ಲಿನ್ ಮಿಸ್ ಓಡಿಬಂದರು. ಬೈಗುಳದ ನಡುವೆ ತಲೆ ತಗ್ಗಿಸಿ ನಿಂತಿದ್ದ ಲಾಸ್ಯ, ಯಾರಿಗೂ ಕಾಣದಂತೆ ಅವರ ಕೈ ಹಿಡಿದು ನಿಲ್ಲಿಸಿದಳು.

“ಸುಮ್ನಿರಿ ಮಿಸ್,” ಎಂದಳು ಮೆಲ್ಲಗೆ, “ಇನ್ನೊಂಚೂರು ಬೈಲಿ.”