ಹಿರಿಸೊಸೆಯ ಉಡುಪು

“ಯಾರನ್ನ ಕದ್ದೆ, ನಿಜ ಹೇಳು,” ಎಂದ ನಿರ್ದೇಶಕ.

ಕಾಸ್ಟ್ಯೂಮ್ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಟೇಪಮ್ಮ ನಗಲಿಲ್ಲ. ಅವಳು ಆ ಧಾರಾವಾಹಿಯ ವಸ್ತ್ರವಿನ್ಯಾಸಕಿ. ಅಳತೆಯ ಟೇಪು ಸದಾ ಕೊರಳಲ್ಲೇ ನೇತಾಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು.

“ಯಾರನ್ನೂ ಇಲ್ಲ ಸಾರ್. ಹೊಳೀತು, ಹೊಲಿದೆ.”

ಸುಳ್ಳು. ಕನ್ನಡಿಯ ಮುಂದೆ ನಿಂತಿದ್ದ ನಟಿ ಅಡಿಯಿಂದ ಮುಡಿಯವರೆಗೆ ಟೇಪಮ್ಮನ ಸ್ವಂತ ಅತ್ತಿಗೆಯಾಗಿದ್ದಳು.

ಪಾತ್ರ, ಮನೆಯೊಡೆಯುವ ಹಿರಿಸೊಸೆಯದು. ಕದಿಯುವವಳು, ಬಾಗಿಲ ಸಂದಿಯಲ್ಲಿ ನಿಂತು ಕೇಳುವವಳು. “ಅವಳು ಬಾಯಿ ಬಿಡೋ ಮೊದಲೇ ನೋಡೋರಿಗೆ ಮೈ ಉರೀಬೇಕು,” ಎಂದಿದ್ದ ನಿರ್ದೇಶಕ. ಟೇಪಮ್ಮ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಂಥವಳು ಅಣ್ಣನ ಮನೆಯಲ್ಲೇ ಇದ್ದಳಲ್ಲ.

ಸುಡುಬಿಸಿಲಲ್ಲೂ ಕೊರಳವರೆಗೆ ಗುಂಡಿ ಹಾಕಿದ ಬೂದು ಸ್ವೆಟರ್. ಮನಸ್ಸು ಬಿಚ್ಚದವಳಿಗೆ ಅದಕ್ಕಿಂತ ಒಪ್ಪುವ ಬಟ್ಟೆ ಬೇರೆ ಯಾವುದು? ತೋಳುಗಳು ಅಂಗೈವರೆಗೆ ಇಳಿಯಬೇಕು, ಕೊಡುವ ಕೈ ಕಾಣಲೇಬಾರದು. ಜೇಬು ಎರಡೂ ಉಬ್ಬಿರಬೇಕು. ಅತ್ತಿಗೆ ತನ್ನ ಕಾಗದಪತ್ರ, ಬೀಗದ ಕೈ ಎಲ್ಲವನ್ನೂ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು, ಮನೆಯವರೆಲ್ಲ ಕಳ್ಳರೇನೋ ಎಂಬಂತೆ. ಕಾಲಿಗೆ, ಮನೆಯೊಳಗೂ ಹೊರಗೂ ಮೆತ್ತನೆಯ ಬಟ್ಟೆ ಬೂಟು. ಬಂದದ್ದೂ ಗೊತ್ತಾಗಬಾರದು, ಹೋದದ್ದೂ ಗೊತ್ತಾಗಬಾರದು.

“ವಿಚಿತ್ರ ಕಣೇ,” ಎಂದಳು ನಟಿ, ಕೊನೆಯ ಗುಂಡಿ ಹಾಕಿಕೊಳ್ಳುತ್ತ. “ಇದನ್ನ ತೊಟ್ಟರೆ ಯಾರ ಮೇಲೂ ಹೊಟ್ಟೆಕಿಚ್ಚೇ ಬರಲ್ಲ. ಬಾಗಿಲ ಕಡೆ ನೋಡ್ತಾ ಇರೋಣ ಅನ್ಸುತ್ತೆ.”

“ಕಳ್ಳಿ ಅಲ್ವಾ, ನೋಡ್ಲೇಬೇಕು,” ಎಂದಳು ಟೇಪಮ್ಮ, ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ.

ಅಪ್ಪ, ಅಮ್ಮ ಹೋದ ಮೇಲೆ ಅವಳನ್ನು ಸಾಕಿದವನು ಅಣ್ಣ. ಕೈಹಿಡಿದು ಶಾಲೆಗೆ ಬಿಟ್ಟು ಬಂದವನು. ದೊಡ್ಡ ಆಳು, ದೊಡ್ಡ ನಗು, ಬೀದಿಗೆಲ್ಲ ಬೇಕಾದವನು. ಅವಳಿಗೆ ಹನ್ನೆರಡಾದಾಗ ಅತ್ತಿಗೆ ಬಂದಳು. ಮನೆಯ ನಗು ಅಂದಿನಿಂದ ಕಡಿಮೆಯಾಯಿತು. ಏನೋ ಹೇಳಲು ಬಾಯ್ತೆರೆಯುವಳು, ಅಣ್ಣನ ಹೆಜ್ಜೆ ಸದ್ದು ಕೇಳಿದ ಕೂಡಲೇ ಅರ್ಧಕ್ಕೆ ನುಂಗಿಬಿಡುವಳು. ಅಣ್ಣನ ಮೇಲೆ ಚಾಡಿ ಹೇಳಹೊರಟವಳು ಎಂದು ಟೇಪಮ್ಮ ಲೆಕ್ಕ ಹಾಕಿದ್ದಳು. ಕೆಲಸ ಸಿಕ್ಕಿ ಬೇರೆ ಮನೆ ಮಾಡಿದ ಮೇಲೆ ಅತ್ತ ಹೋಗುವುದೇ ಅಪರೂಪವಾಯಿತು.

ಧಾರಾವಾಹಿ ಶುರುವಾಗಿ ವಾರ ಕಳೆಯುವಷ್ಟರಲ್ಲಿ ಹಿರಿಸೊಸೆ ಮನೆಮಾತಾದಳು. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸರಿಬ್ಬರು ಅವಳಿಗೆ ಹಿಡಿಶಾಪ ಹಾಕುತ್ತಿದ್ದರು.

“ಆ ಸ್ವೆಟರ್ ನೋಡಿದ್ರೇ ಸಾಕು, ಎರಡು ಬಿಡೋಣ ಅನ್ಸುತ್ತೆ.”

ಟೇಪಮ್ಮನಿಗೆ ಹೆಮ್ಮೆಯಾಗಬೇಕಿತ್ತು. ಬದಲಿಗೆ ಕಿವಿ ಬಿಸಿಯಾಯಿತು. ಮುಖ ಕಿಟಕಿಗೆ ತಿರುಗಿಸಿಕೊಂಡಳು.

ಮರುದಿನ ಅಣ್ಣನ ಫೋನು ಬಂತು. “ಏನೇ ಮಾಡಿದೆ ನಿಮ್ಮ ಅತ್ತಿಗೆಗೆ? ನಿನ್ನ ಧಾರಾವಾಹಿ ಬಂದ್ರೆ ರೆಪ್ಪೆ ಮಿಟುಕಿಸಲ್ಲ. ಮುಗಿದ ಮೇಲೆ ಮಾತೂ ಇಲ್ಲ ಕತೆಯೂ ಇಲ್ಲ.” ಎಂದಿನಂತೆ ದೊಡ್ಡದಾಗಿ ನಕ್ಕ.

ಅತ್ತಿಗೆಗೆ ಗೊತ್ತಾಗಿದೆ. ಟೇಪಮ್ಮ ಫೋನು ಕೆಳಗಿಟ್ಟಳು. ಹಾಗೆ ನೋಡಿದರೆ ಅತ್ತಿಗೆ ತನಗೆ ಮಾಡಿದ ಕೆಡುಕಾದರೂ ಏನು? ಒಂದೂ ನೆನಪಾಗಲಿಲ್ಲ. ಸೂಜಿಗೆ ದಾರ ಪೋಣಿಸಲು ಕಲಿಸಿದವಳು ಅವಳೇ ಎಂಬುದು ಮಾತ್ರ ನೆನಪಾಯಿತು. ಕಲಿತ ವಿದ್ಯೆಯಿಂದಲೇ ಅವಳನ್ನು ಊರ ಮುಂದೆ ನಿಲ್ಲಿಸಿ ಉಗಿಸಿದ್ದಾಯಿತು. ತನ್ನ ಕೈಗಳನ್ನು ನೋಡಿಕೊಳ್ಳಲೂ ಹೇಸಿಗೆಯಾಯಿತು.

ಅಣ್ಣ ಕೆಲಸದಿಂದ ಬರುವ ಮುಂಚೆ, ಮಧ್ಯಾಹ್ನವೇ ಹೊರಟಳು. ಮೆಟ್ಟಿಲು ಹತ್ತುತ್ತ ಕ್ಷಮೆಯ ಮಾತನ್ನು ನಾಲ್ಕು ಬಾರಿ ಜೋಡಿಸಿ ನಾಲ್ಕು ಬಾರಿ ಕೆಡವಿದಳು.

ಬಾಗಿಲು ಒಂದು ಗೇಣು ತೆರೆಯಿತು. ಅತ್ತಿಗೆ ಅವಳ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ಆಮೇಲೆ ಒಳಗೆ ಕರೆದಳು.

“ಅತ್ತಿಗೆ, ಧಾರಾವಾಹಿ ನೋಡ್ತೀರಂತೆ.”

“ಒಂದು ದಿನವೂ ತಪ್ಪಿಸಲ್ಲ.”

“ಅದರಲ್ಲಿ ಆ ಹಿರಿಸೊಸೆ…”

“ನಾನೇ ಅಲ್ವಾ? ಮೊದಲ ದಿನವೇ ಗೊತ್ತಾಯ್ತು.”

ನೆಲ ಬಾಯ್ಬಿಟ್ಟು ನುಂಗಬಾರದೇ ಎನಿಸಿತು ಟೇಪಮ್ಮನಿಗೆ. “ತಪ್ಪಾಯ್ತು ಅತ್ತಿಗೆ. ನಿಮಗೆ ಮುಖ ತೋರಿಸೋಕೂ ನಾಚಿಕೆ ಆಗ್ತಿದೆ.”

“ತಡ ಮಾಡಿದೆ ಅಂತಾನಾ? ಬಿಡು. ಬಂದೆಯಲ್ಲ, ಅಷ್ಟು ಸಾಕು.”

ಅತ್ತಿಗೆ ಬಗ್ಗಿ ಮಂಚದ ಕೆಳಗಿನಿಂದ ಒಂದು ಬ್ಯಾಗು ಎಳೆದಳು. ತುಂಬಿ, ಜಿಪ್ ಎಳೆದು, ಸಿದ್ಧವಾಗಿತ್ತು.

“ಅವತ್ತಿಂದ ಹನ್ನೊಂದು ದಿನ ಆಯ್ತು, ಕಟ್ಟಿಟ್ಟುಕೊಂಡು ಕೂತಿದ್ದೀನಿ. ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು. ನಡಿ, ಅವರು ಬರೋಕೆ ಇನ್ನು ಒಂದೇ ಗಂಟೆ.”

“ಎಲ್ಲಿಗೆ ಅತ್ತಿಗೆ?”

“ಸದ್ಯಕ್ಕೆ ನಿನ್ನ ಮನೆಗೆ. ಆಮೇಲಿನದು ಆಮೇಲೆ.”

ಟೇಪಮ್ಮ ಕಣ್ಣು ಕಣ್ಣು ಬಿಟ್ಟು ನಿಂತಳು. ಅತ್ತಿಗೆ ಅದನ್ನು ಅನುಮಾನವೆಂದುಕೊಂಡಳೇನೋ. “ಕಣ್ಣಾರೆ ನೋಡಬೇಕಾ?” ಎಂದವಳೇ ಕೊರಳ ಗುಂಡಿ ಬಿಚ್ಚಿದಳು. ಇನ್ನೊಂದು ಬಿಚ್ಚಿದಳು. ಕತ್ತಿನ ಸುತ್ತ, ಹಳದಿಗಟ್ಟಿದ ಹಳೆಯ ಕಲೆಗಳ ಮೇಲೆ, ನೀಲಿಗಟ್ಟಿದ ಬೆರಳಿನ ಗುರುತುಗಳಿದ್ದವು. ದೊಡ್ಡ ಬೆರಳುಗಳು. ಕೈಹಿಡಿದು ಶಾಲೆಗೆ ಬಿಟ್ಟು ಬಂದ ಬೆರಳುಗಳು.

ಟೇಪಮ್ಮ ಬಗ್ಗಿ ಬ್ಯಾಗು ಎತ್ತಿಕೊಂಡಳು. ತಲೆ ಎತ್ತಲಾಗಲಿಲ್ಲ.

“ನೀನ್ಯಾಕೆ ತಲೆ ತಗ್ಗಿಸ್ತೀಯ?” ಎಂದಳು ಅತ್ತಿಗೆ, ಅವಳ ಕೆನ್ನೆ ಸವರುತ್ತ. “ಹದಿನೆಂಟು ವರ್ಷದಲ್ಲಿ ಎಷ್ಟು ಜನ ಈ ಮನೆಗೆ ಬಂದು ಹೋದ್ರು. ನಾನು ಯಾಕೆ ಹೀಗೆ ಬಟ್ಟೆ ಹಾಕ್ತೀನಿ ಅಂತ ಅರ್ಥವಾಗಿದ್ದು ನಿನಗೊಬ್ಬಳಿಗೇ.”